ತಾನಾಗಿ ಮುಚ್ಚಿಕೊಳ್ಳುವ ಗೇಟು ನಮ್ಮೂರಿಗೂ ಬೇಕು

ಸಿಡ್ನಿಯ ಪಶ್ಚಿಮಕ್ಕೆ ಸಾಧಾರಣ ಹಳೆ ಮನೆಗಳ ಹಿತ್ತಲಲ್ಲೂ ಸ್ವಿಮ್ಮಿಂಗ್ ಪೂಲ್ ಇರುತ್ತದೆ. ಸಿಡ್ನಿ ಇರುವ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2016ರ ಏಪ್ರಿಲ್‌ನಿಂದ ಅಂಥ ಮನೆ ಮಾರಬೇಕಾದರೂ, ಬಾಡಿಗೆಗೆ ಕೊಡಬೇಕಾದರೂ ಪೂಲಿನ ಬೇಲಿ ಮತ್ತು ಗೇಟನ್ನು ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ಪಡೆಯಬೇಕು. 'ಸರಿಯಿಲ್ಲ' ಎನ್ನುವ ಸರ್ಟಿಫಿಕೇಟ್ ಇಟ್ಟುಕೊಂಡೂ ಮಾರಬಹುದು. ಆಗ ಕೊಂಡವರು 90 ದಿನದೊಳಗೆ ಎಲ್ಲವನ್ನೂ ಸರಿಮಾಡಿಸಬೇಕು. ನಮ್ಮ ಮನೆ ಬಂದದ್ದು ಹಾಗೇ.

ತಪಾಸಣೆಗೆ ಬಂದವರು ಗೇಟನ್ನು ಪೂರ್ತಿ ತೆರೆದು ಕೈ ಬಿಟ್ಟರು. ಠಪ್ ಅಂತ ಮುಚ್ಚಿಕೊಂಡು ಚಿಲಕ ಬಿತ್ತು. ಅರ್ಧ ತೆರೆದು ಬಿಟ್ಟರು, ಆಗಲೂ ಮುಚ್ಚಿತು. ಕೊನೆಗೆ ಚಿಲಕಕ್ಕೆ ತಾಗುವಷ್ಟು ಹತ್ತಿರ ತಂದು ಮೆಲ್ಲಗೆ ಕೈ ತೆಗೆದರು. ಗೇಟು ಅಲ್ಲೇ ನಿಂತುಬಿಟ್ಟಿತು, ಎರಡು ಬೆರಳಷ್ಟು ಸಂದು. ಅವರು ಬಗ್ಗಿ ಅಲ್ಲಿ ಕೈಯಿಟ್ಟು ತೋರಿಸಿದರು. ಎರಡು ವರ್ಷದ ಮಗು ಗೇಟನ್ನು ಎಳೆದು ತೆರೆದು ಒಳಗೆ ಹೋಗಲು ಅಷ್ಟು ಸಾಕು.

ಈ ಕಡೆ ಜೇಡಿ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಕಂಬ ಒಂಚೂರು ವಾಲಿದರೆ ಗೇಟಿನ ತುದಿ ಜಗ್ಗುತ್ತದೆ, ಚಿಲಕ ತನ್ನ ಜಾಗಕ್ಕೆ ಸೇರುವುದಿಲ್ಲ. ಜೊತೆಗೆ ಹಿಂಜ್ ಒಳಗಿನ ಸ್ಪ್ರಿಂಗು ಬಿಸಿಲಿಗೆ, ವಯಸ್ಸಿಗೆ ಸಡಿಲವಾಗುತ್ತದೆ. ರಿಪೇರಿಗೆ ಬಂದವರು ಮೊದಲು ಕಂಬದ ಬುಡ ಅಗೆದು, ನೆಟ್ಟಗೆ ಮಾಡಿ ಹೊಸ ಕಾಂಕ್ರೀಟ್ ಹಾಕಿದರು. ಹಳೆ ಹಿಂಜ್ ಬಿಚ್ಚಿ ಹೊಸತು ಕೂರಿಸಿ, ಸ್ಕ್ರೂಡ್ರೈವರ್‌ನಲ್ಲಿ ಸ್ಪ್ರಿಂಗಿನ ಬಿಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಸಲ ಗೇಟು ಬಿಟ್ಟು ನೋಡುತ್ತಾ ಹೋದರು. ಬಿಗಿ ಕಮ್ಮಿಯಾದರೆ ಚಿಲಕ ಬೀಳುವುದಿಲ್ಲ. ಜಾಸ್ತಿಯಾದರೆ ಗೇಟು ಬಡಿದು ಬಡಿದು ಚಿಲಕವೇ ಕೆಡುತ್ತದೆ.

ನಿಯಮ ಕೇಳಿದರೆ ಯಾರಿಗೂ ಅರ್ಥವಾಗುವಂಥದ್ದು. ಬೇಲಿ ಕನಿಷ್ಠ 1200 ಮಿಲಿಮೀಟರ್ ಎತ್ತರ. ಕೆಳಗೆ 100 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಬೇಡ. ಗೇಟು ಪೂಲಿನಿಂದ ಹೊರಕ್ಕೇ ತೆರೆಯಬೇಕು, ಯಾಕೆಂದರೆ ಮಗು ಒಳಕ್ಕೆ ತಳ್ಳಿದಾಗ ಗೇಟು ಇನ್ನೂ ಬಿಗಿಯಾಗಿ ಕೂರುತ್ತದೆ. ಚಿಲಕದ ಹಿಡಿ ನೆಲದಿಂದ 1500 ಮಿಲಿಮೀಟರ್ ಮೇಲಿದ್ದರೆ ಪುಟ್ಟ ಕೈಗೆ ಎಟುಕುವುದಿಲ್ಲ. ಹತ್ತಲು ನೆರವಾಗುವ ಯಾವುದೂ ಬೇಲಿಯ ಹತ್ತಿರ, 900 ಮಿಲಿಮೀಟರ್ ಒಳಗೆ, ಇರಬಾರದು. ಕುರ್ಚಿ, ಹೂವಿನ ಕುಂಡ, ನಮ್ಮವರ ಮನೆಯ ತುಳಸಿ ಕುಂಡ ಕೂಡ. ತುಳಸಿಯನ್ನು ಸರಿಸಿ ಅಂದರೆ ಹಿರಿಯರಿಗೆ ಬೇಜಾರಾಗುತ್ತದೆ ನಿಜ. ಆದರೂ ಸರಿಸಲೇಬೇಕು.

ನಮ್ಮ ಕಡೆ ಮಕ್ಕಳನ್ನು ನೀರಿನಿಂದ ಕಾಯುವುದು ಮನುಷ್ಯರ ಕಣ್ಣು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಯಾರಾದರೂ ಒಬ್ಬರು ನೋಡುತ್ತಿರುತ್ತಾರೆ ಅನ್ನುವ ನಂಬಿಕೆ. ಆ ಪ್ರೀತಿ ದೊಡ್ಡದು, ನಾನೂ ಅದರಲ್ಲೇ ಬೆಳೆದವನು. ಆದರೆ ಮಗು ಮುಳುಗುವಾಗ ಸದ್ದೇ ಆಗುವುದಿಲ್ಲ. ಫೋನ್ ಬಂತು, ಹಾಲು ಉಕ್ಕಿತು ಅಂತ ತಿರುಗುವಷ್ಟರಲ್ಲಿ ಆಗಿಹೋಗುತ್ತದೆ. ಇಲ್ಲಿಯೂ ಮಗುವಿನ ಮೇಲೆ ಕಣ್ಣಿಡಿ ಅಂತಲೇ ಹೇಳುತ್ತಾರೆ. ಕಣ್ಣು ತಪ್ಪಿದ ಆ ಹೊತ್ತಿಗಾಗಿ ಗೇಟು.

ಇಲ್ಲಿನದ್ದೆಲ್ಲ ಸರಿ ಅಂತಲೂ ನಾನು ಒಪ್ಪುವುದಿಲ್ಲ. 1990ರ ಆಗಸ್ಟ್‌ಗೆ ಮುಂಚೆ ಕಟ್ಟಿದ ಪೂಲುಗಳಿಗೆ ಈ ರಾಜ್ಯದಲ್ಲಿ ರಿಯಾಯಿತಿ ಇದೆ. ಮನೆಯ ಬಾಗಿಲು, ಕಿಟಕಿ ಭದ್ರವಾಗಿದ್ದರೆ ಮನೆಗೂ ಪೂಲಿಗೂ ನಡುವೆ ಬೇಲಿ ಇಲ್ಲದೆಯೂ ನಡೆಯುತ್ತದೆ. ಹಳೆ ಪೂಲಿನ ನೀರೇನು ಕಮ್ಮಿ ಆಳವೇ? ಮಾರಾಟ, ಬಾಡಿಗೆ ಎರಡೂ ಇಲ್ಲದ ಮನೆಯವರು ಈ ಸರ್ಟಿಫಿಕೇಟ್ ಮಾಡಿಸಲೇಬೇಕು ಅಂತಲೂ ಇಲ್ಲ. ಪಕ್ಕದ ವಿಕ್ಟೋರಿಯಾದಲ್ಲಿ ಮಾರಲಿ, ಮಾರದಿರಲಿ, 4 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಸ್ಥಳೀಯ ಕೌನ್ಸಿಲ್‌ಗೆ ಸರ್ಟಿಫಿಕೇಟ್ ಕೊಡಬೇಕು. ನನಗೆ ಅದೇ ಸರಿ ಅನಿಸುತ್ತದೆ. ಗೇಟು ಹಾಕಿದ ದಿನ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ, ಕೆಡುವುದು ಆಮೇಲೆ ಅಲ್ವಾ?

ಕರ್ನಾಟಕದಲ್ಲಿ ಹಿತ್ತಲ ಪೂಲು ಕಮ್ಮಿ ಇರಬಹುದು, ಕೃಷಿ ಹೊಂಡ ಕಮ್ಮಿ ಇಲ್ಲ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಬಯಲುಸೀಮೆಯ ಹೊಲಗಳಲ್ಲಿ ಎಷ್ಟೋ ಹೊಂಡಗಳಾದವು. ಮಳೆ ನಂಬಿದ ರೈತರಿಗೆ ಅದು ದೊಡ್ಡ ಆಸರೆ. ಆದರೆ ನೀರು ಇಂಗದಿರಲಿ ಅಂತ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಇಳಿಜಾರಲ್ಲಿ ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಎತ್ತಲು ಹೋದ ದೊಡ್ಡವರೂ ಮುಳುಗಿದ್ದಾರೆ. ಸುತ್ತ ತಂತಿ ಬೇಲಿ ಹಾಕಲು ಸಹಾಯಧನ ಇದೆ. ಆ ಬೇಲಿ ಎರಡು ಮಳೆಗಾಲ ಕಳೆದ ಮೇಲೆ ಹೇಗಿದೆ ಅಂತ ವರ್ಷಕ್ಕೊಮ್ಮೆ ಯಾರಾದರೂ ಹೋಗಿ ನೋಡಬೇಕು. ಗ್ರಾಮ ಪಂಚಾಯ್ತಿಯವರೇ ಈ ಕೆಲಸ ಮಾಡಬಹುದು. ಬೇಲಿಗೆ ತಾನಾಗಿ ಮುಚ್ಚುವ ಸಣ್ಣ ಗೇಟು, ಹೊಂಡದೊಳಕ್ಕೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ದಡದಲ್ಲಿ ಒಂದು ಹಳೆ ಟ್ಯೂಬು. ಇಷ್ಟಕ್ಕೆ ದೊಡ್ಡ ಖರ್ಚೇನಿಲ್ಲ.

ಕನಕಪುರ ರಸ್ತೆಯ ಕಡೆ ತೋಟದ ಮನೆ ಕಟ್ಟುತ್ತಿರುವ ನಮ್ಮ ಭಾವ ಪೂಲ್ ಹಾಕಿಸುತ್ತಾರಂತೆ. ಫೋನಿನಲ್ಲಿ ಅಳತೆಗಳನ್ನೆಲ್ಲ ಬರೆಸಿದ್ದೇನೆ. ಗೇಟು ಹೊರಕ್ಕೆ ತೆರೆಯಲಿ, ಸ್ಪ್ರಿಂಗ್ ಹಿಂಜ್ ಹಾಕಿಸಿ, ಚಿಲಕ ಮೇಲಿರಲಿ. ಮಳೆಗಾಲ ಮುಗಿದ ಮೇಲೆ ಒಂದ್ಸಲ, ಬೇಸಿಗೆ ರಜೆಗೆ ಮಕ್ಕಳು ಬರುವ ಮುಂಚೆ ಒಂದ್ಸಲ ಗೇಟನ್ನು ಬೇರೆ ಬೇರೆ ಜಾಗದಿಂದ ಬಿಟ್ಟು ನೋಡಿ ಭಾವ, ಅಂದಿದ್ದೇನೆ. ಮುಚ್ಚಲಿಲ್ಲ ಅಂದರೆ ರಿಪೇರಿ ಆಗುವವರೆಗೆ ಸರಪಳಿ ಸುತ್ತಿ ಬೀಗ ಹಾಕಬೇಕು.