39 ಗ್ರಾಂ

ತಮ್ಮ ಅಮೆರಿಕದಿಂದ ಬಂದರೆ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟು, ಅವ್ವನ ಮೊಣಕಾಲಿಗೆ ಹಚ್ಚುವ ಮುಲಾಮು ಇರುವುದು ವಾಡಿಕೆ. ಈ ಸಲ ಡಿಸೆಂಬರಿನಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬಿಯೂ ಬಂತು. ಅದು ನಮಗಲ್ಲ, ಅವನ ಏಳು ವರ್ಷದ ಮಗನಿಗೆ. ಕಲಬುರಗಿಯಲ್ಲಿ ಮುಂಜಾನೆ ಹುಡುಗ ತಿನ್ನುವಂಥದ್ದು ಏನೂ ಸಿಗದಿದ್ದರೆ ಅಂತ ಮುಂಜಾಗ್ರತೆಯಂತೆ. ಸುಸಲಾ, ಪೂರಿ, ಬಿಸಿ ಮಿರ್ಚಿ ಭಜಿ ಸಿಗುವ ಊರಿಗೆ ಬರುವವರು ಹೀಗೆ ಬುತ್ತಿ ಕಟ್ಟಿಕೊಂಡು ಬಂದರೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಅಲ್ವಾ?

ಒಳಗೆ ಬಣ್ಣಬಣ್ಣದ ಉಂಗುರಗಳು, ಸೀರಿಯಲ್ ಅನ್ನುವ ಮುಂಜಾನೆಯ ತಿನಿಸು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ತಣ್ಣನೆ ಹಾಲಿಗೆ ಸುರಿದುಕೊಂಡು ತಿನ್ನಬೇಕು. ಡಬ್ಬಿ ತೆಗೆದರೆ ಪಡಸಾಲೆಯವರೆಗೂ ಹಣ್ಣಿನಂಗಡಿ ವಾಸನೆ. ಅವ್ವ ಒಂದನ್ನು ಕಿರುಬೆರಳಿಗೆ ಏರಿಸಲು ನೋಡಿದಳು. ಏರಲಿಲ್ಲ. "ಬಂಗಾರ ತುಟ್ಟಿ ಆಗ್ಯದಂತ ಸಣ್ಣ ಮಾಡ್ಯಾರ" ಅಂದಳು.

ನನಗೋ ಮೂವತ್ತು ವರ್ಷ ಗಣಿತದ ಮಾಸ್ತರಿಕೆ ಮಾಡಿದ ಚಟ. ಅಕ್ಷರ ಕಂಡರೆ ಓದಬೇಕು, ಅಂಕಿ ಕಂಡರೆ ಕೂಡಿಸಬೇಕು. ಡಬ್ಬಿಯ ಮುಂದೆ ಬರೀ ಬಣ್ಣ. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಳಗಿನ ಸಂಗತಿ. ತೂಕದಲ್ಲಿ ಜಾಸ್ತಿ ಇರುವ ಪದಾರ್ಥವನ್ನು ಮೊದಲು ಬರೆಯಬೇಕು ಅನ್ನುವುದು ಅಲ್ಲಿಯೂ ಕಾಯ್ದೆ, ನಮ್ಮಲ್ಲಿಯೂ ಕಾಯ್ದೆ. ಮೊದಲ ಹೆಸರು ಮೆಕ್ಕೆಜೋಳದ ಹಿಟ್ಟು. ಎರಡನೆಯದೇ ಸಕ್ಕರೆ. ಆಮೇಲೆ ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಎಣ್ಣೆ, ಉಪ್ಪು, ಸುವಾಸನೆ. ಬಣ್ಣಗಳಿಗೆ ನಂಬರ್ ಬೇರೆ: ರೆಡ್ 40, ಯೆಲ್ಲೋ 5, ಬ್ಲೂ 1. ಹಾಜರಿ ಕರೆದಂತೆ ಎರಡು ಸಲ ಓದಿದೆ. ಹಣ್ಣು ಮಾತ್ರ ಗೈರು.

ಮೋಸ ಅಂತ ಹೇಳುವ ಹಾಗೂ ಇಲ್ಲ. ಈ ಜಾತಿಯ ತಿನಿಸಿನಲ್ಲಿ ಹೆಸರುವಾಸಿಯಾದದ್ದು ಫ್ರೂಟ್ ಲೂಪ್ಸ್. ಅಮೆರಿಕದಲ್ಲಿ 1963ರಲ್ಲಿ ಶುರುವಾದದ್ದು. ಇಂಗ್ಲಿಷಿನಲ್ಲಿ ಅದರ ‘ಫ್ರೂಟ್’ ಬರೆಯುವಾಗ ಎರಡು ‘ಓ’ ಹಾಕುತ್ತಾರೆ. ನಮ್ಮ ಶಾಲೆಯಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಕೆಂಪು ಗೆರೆ ಬೀಳುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು, ಇದರಲ್ಲಿ ಹಣ್ಣೇ ಇಲ್ಲ ಅಂತ ಕೋರ್ಟಿಗೂ ಹೋದರು. 2009ರಲ್ಲಿ ಆ ಕೇಸು ಬಿದ್ದುಹೋಯಿತು. ಸಾಮಾನ್ಯ ತಿಳಿವಳಿಕೆ ಇರುವ ಗಿರಾಕಿ ಇದನ್ನು ನೋಡಿ ಹಣ್ಣು ಅಂತ ಮೋಸ ಹೋಗುವುದಿಲ್ಲ ಅನ್ನುವುದು ಕೋರ್ಟಿನ ಮಾತಿನ ಸಾರ. ಸರಿಯಾದ ಮಾತೇ. ಆದರೆ ಆ ತಿಳಿವಳಿಕೆಯ ಗಿರಾಕಿಗೆ ವಯಸ್ಸು ಏಳಲ್ಲ.

ನಮ್ಮ ಹುಡುಗನ ಪ್ರಕಾರ ಕೆಂಪು ಚೆರ್ರಿ, ಹಳದಿ ನಿಂಬೆ, ನೇರಳೆ ದ್ರಾಕ್ಷಿ. ನೀಲಿ ಯಾವ ಹಣ್ಣೋ ಅಂತ ಕೇಳಿದರೆ "ನೀಲಿ ಹಣ್ಣು" ಅಂದ. ಅವನ ಕಣ್ಣಿಗೆ ಟವೆಲ್ ಕಟ್ಟಿ ಒಂದೊಂದೇ ಬಾಯಿಗೆ ಹಾಕಿದೆ. ಹನ್ನೆರಡರಲ್ಲಿ ಎರಡು ಸರಿ ಹೇಳಿದ. ಆರು ಬಣ್ಣದಲ್ಲಿ ಸುಮ್ನೆ ಊಹೆ ಮಾಡಿದರೂ ಹನ್ನೆರಡಕ್ಕೆ ಎರಡು ಸರಿ ಬೀಳುತ್ತವೆ. ಬಣ್ಣ ಆರು, ರುಚಿ ಒಂದೇ. ಹುಡುಗ ಒಪ್ಪಲಿಲ್ಲ. "ಟವೆಲ್ ವಾಸನಿ ಬಂತು ದೊಡ್ಡಪ್ಪಾ" ಅಂದ.

ಅದೇ ವಾರ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬಕ್ಕೆ, ಹೊಲಕ್ಕೆ ಹೋಗಿದ್ದೆವು. ಆ ಹಬ್ಬದ ಭಜ್ಜಿ ಪಲ್ಯದಲ್ಲಿ ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಮೆಂತ್ಯ, ಗಜ್ಜರಿ, ಇನ್ನೂ ಏನೇನೋ ಸೊಪ್ಪು, ಎಲ್ಲ ಸೇರಿ ಒಂದೇ ಮಣ್ಣಿನ ಬಣ್ಣ. ನಾಲಿಗೆಗೆ ಮಾತ್ರ ಪ್ರತಿಯೊಂದೂ ಬೇರೆ ಗೊತ್ತಾಗುತ್ತದೆ. ಹುಡುಗ ಬಣ್ಣ ನೋಡಿ ಮುಟ್ಟಲೇ ಇಲ್ಲ.

ಇನ್ನು ತೂಕಕ್ಕೆ ಬರೋಣ. ಡಬ್ಬಿಯ ಪ್ರಕಾರ ಒಂದು ಪಾಲು ಅಂದರೆ 39 ಗ್ರಾಂ. ಅಷ್ಟರಲ್ಲಿ 150 ಕ್ಯಾಲರಿ, 12 ಗ್ರಾಂ ಸಕ್ಕರೆ, ಪ್ರೋಟೀನು 2 ಗ್ರಾಂ, ನಾರು 2 ಗ್ರಾಂ. 12 ಗ್ರಾಂ ಅಂದರೆ ಚಹದ ಚಮಚದಲ್ಲಿ ಮೂರು. ಹೋಗಲಿ ಬಿಡು, ನಾವು ಕುಡಿಯುವ ಚಹ ಏನು ಕಡಿಮೆಯೇ ಅನಿಸಿತು. ಆದರೆ 39 ಗ್ರಾಂ ಅಂದರೆ ಎಷ್ಟು? ಹುಡುಗ ತಟ್ಟೆಗೆ ಸುರಿದುಕೊಂಡದ್ದನ್ನು ಹಾಲು ಹಾಕುವ ಮೊದಲೇ ಕಸಿದು, ಚೀಲಕ್ಕೆ ಹಾಕಿಕೊಂಡು ಓಣಿಯ ಕಿರಾಣಿ ಅಂಗಡಿಗೆ ನಡೆದೆ.

"ಮಾಸ್ತರ್ರ, ಮನಿಂದ ಸಾಮಾನ ತಂದು ತೂಗಸ್ಲಿಕತ್ತೀರಿ. ನನ್ನ ಕಾಟಾ ಮ್ಯಾಲ ಸಂಶಯ ಏನ್ರಿ?" ಅಂದ ಅಂಗಡಿಯವನು.

82 ಗ್ರಾಂ. ಎರಡು ಪಾಲಿಗಿಂತ ಜಾಸ್ತಿ. ಸಕ್ಕರೆ 25 ಗ್ರಾಂ. ಬೇರೆಯಾಗಿ ಹಾಕುವ ಸಕ್ಕರೆ ದಿನದ ಕ್ಯಾಲರಿಯ ನೂರಕ್ಕೆ ಹತ್ತು ದಾಟಬಾರದು, ಐದರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 1600 ಕ್ಯಾಲರಿ ತಿನ್ನುವ ಹುಡುಗನಿಗೆ ಐದು ಅಂದರೆ 20 ಗ್ರಾಂ. ಮುಂಜಾನೆ ಎಂಟಕ್ಕೇ ಆ ಗೆರೆ ದಾಟಿ ಆಯಿತು. ಚಾಕೊಲೇಟು ಇನ್ನೂ ಸೂಟ್‌ಕೇಸಿನಲ್ಲೇ ಇದೆ.

"ವಿಟಮಿನ್ನೂ ಅದಾವಲ್ಲಣ್ಣ, ಕಬ್ಬಿಣಾನೂ ಅದ" ಅಂತ ತಮ್ಮ ವಾದ ಹೂಡಿದ. ನಿಜ, ಅವೆರಡೂ ಇವೆ, ಕಾರ್ಖಾನೆಯಲ್ಲಿ ಹೊರಗಿನಿಂದ ಸೇರಿಸಿದ್ದು. ಇಂಥ ಕೆಲವು ತಿನಿಸುಗಳಲ್ಲಿ ಕಬ್ಬಿಣ ನಿಜವಾದ ಲೋಹದ ಪುಡಿಯೇ. ಕುಟ್ಟಿ ನೀರಿಗೆ ಹಾಕಿ ಅಯಸ್ಕಾಂತ ಆಡಿಸಿದರೆ ಕಪ್ಪಗೆ ಅಂಟುತ್ತದೆ. ತಿಂದರೆ ಒಂದಷ್ಟು ಮೈಗೆ ಹತ್ತುತ್ತದೆ, ಅದರಲ್ಲಿ ತಪ್ಪೇನಿಲ್ಲ. ನಮ್ಮ ಜೋಳದಲ್ಲಿರುವ ಕಬ್ಬಿಣವೂ ಪೂರ್ತಿ ಮೈಗೆ ಹತ್ತುವುದಿಲ್ಲ, ಅದನ್ನೂ ಹೇಳಿಬಿಡಬೇಕು.

ಆದರೆ ಹೇಳಲಿಲ್ಲ. ಆಗ ನಾನು ಗೆಲ್ಲುವ ಹುಕಿಯಲ್ಲಿದ್ದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ತೆಗೆದೆ. 100 ಗ್ರಾಂ ಜೋಳದಲ್ಲಿ ಪ್ರೋಟೀನು ಸುಮಾರು 10 ಗ್ರಾಂ, ನಾರು ಸುಮಾರು 10 ಗ್ರಾಂ. ಅಂದರೆ 39 ಗ್ರಾಂ ಜೋಳದಲ್ಲಿ ನಾಲ್ಕು, ನಾಲ್ಕು. ಉಂಗುರದಲ್ಲಿ ಎರಡು, ಎರಡು. "ನಮ್ಮ ಖಡಕ್ ರೊಟ್ಟಿ ಮುಂದ ನಿಂದೇನದೋ?" ಅಂದೆ.

ಅವ್ವನಿಗೆ ಅಂಕಿ ಬೇಕಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಯಲ್ಲಿ ಒಂದನ್ನು ತೆಗೆದು ಪಟಪಟ ಮುರಿದಳು. ಬಟ್ಟಲಿಗೆ ಹಾಕಿ ಮೇಲೆ ಹಾಲು ಸುರಿದಳು. ನಾವಿಬ್ಬರೂ ಹಾಗೇ ಬೆಳೆದವರು. ಹುಡುಗ ಮೊದಲು ಮೂಸಿದ. ಆಮೇಲೆ ಕರಕರ ಸದ್ದು ಕೇಳಿತು. "ಸೇಮ್ ಅದ ದೊಡ್ಡಪ್ಪಾ!" ಅಂದ. ಇನ್ನೊಂದು ಬಟ್ಟಲು ಕೇಳಿದ.

ನಾನು ತಮ್ಮನ ಕಡೆ ನೋಡಿದೆ. ತಮ್ಮ ಅವ್ವನ ಕೈ ಕಡೆ ನೋಡುತ್ತಿದ್ದ. ಅಲ್ಲಿ ಬೆಲ್ಲದ ಹೆಂಟೆ ಇತ್ತು. ಎರಡನೇ ಬಟ್ಟಲಿಗೆ ಹಾಕಬೇಕಿದ್ದ ಅದನ್ನು ಇಸಿದುಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಹತ್ತು ನಿಮಿಷಕ್ಕೆ ನಗುತ್ತಾ ಬಂದ.

"ಇಪ್ಪತ್ತೆಂಟು ಗ್ರಾಂ."

ಬೆಲ್ಲ ಬಹುಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದಕ್ಕೇನೂ ರಿಯಾಯಿತಿ ಇಲ್ಲ. ನಾನು ಬಾಯಿ ತೆಗೆಯುವ ಮೊದಲೇ ಅವ್ವ, "ಅದು ಬೆಲ್ಲ, ಸಕ್ಕರಿ ಅಲ್ಲ" ಅಂತ ತೀರ್ಪು ಕೊಟ್ಟು ಹೆಂಟೆಯನ್ನು ಬಟ್ಟಲಿಗೆ ಹಾಕಿದಳು. ಮೇಲ್ಮನವಿಗೆ ಜಾಗ ಇರಲಿಲ್ಲ.

ಅವರು ಜನವರಿಯಲ್ಲಿ ಹೋದರು. ಸೀತನಿ ಹೊತ್ತಿಗೆ ಇದ್ದಿದ್ದರೆ ಎಳೆ ಜೋಳದ ತೆನೆ ಸುಟ್ಟು ತಿನ್ನಿಸಬಹುದಿತ್ತು. ಉಳಿದ ಉಂಗುರಗಳನ್ನು ನಾನೇ ಚಹದ ಜೊತೆ ಮುಗಿಸಿದೆ, ತೂಗದೆ. ಖಾಲಿ ಡಬ್ಬಿಯನ್ನು ಎಸೆಯಲು ಅವ್ವ ಬಿಡಲಿಲ್ಲ, ಶೇಂಗಾ ತುಂಬಿಟ್ಟಳು. ಮೊನ್ನೆ ಅದೇ ಶೇಂಗಾ ಹುರಿದು ಹಿಂಡಿ ಕುಟ್ಟಿದ್ದಾಳೆ. ಬಳ್ಳೊಳ್ಳಿ, ಖಾರ ಎಲ್ಲ ಹಾಕಿದರೂ ರೊಟ್ಟಿಗೆ ಹಚ್ಚಿಕೊಂಡರೆ ಸಣ್ಣಗೆ ಚೆರ್ರಿ ವಾಸನೆ ಬರುತ್ತದೆ. ನೀಲಿ ಹಣ್ಣೂ ಇರಬಹುದು.