ಅಂಜಲ್ ಬಿಟ್ಟರೆ ಬೇರೆ ಮೀನೇ ಇಲ್ಲವೇ?

ಬೆಂಗಳೂರಿನ ಕರಾವಳಿ ಹೋಟೆಲುಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಅಂಜಲ್ ತವಾ ಫ್ರೈ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಆಗಲೂ ಸಿಗುತ್ತದೆ. ಪೂರ್ವ ಕರಾವಳಿಯಿಂದ ಬಂದದ್ದೋ, ಮಂಜುಗಡ್ಡೆಯಲ್ಲಿ ಮಲಗಿದ್ದೋ, ಬಡಿಸುವವರಿಗೂ ಗೊತ್ತಿಲ್ಲ, ತಿನ್ನುವವರು ಕೇಳುವುದೂ ಇಲ್ಲ.

ರುಚಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ತುಂಡಿನ ಗಾತ್ರದ ಬಗ್ಗೆ. ಅಂಜಲ್ ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಸುಮಾರು 70 ಸೆಂಟಿಮೀಟರ್ ಬೆಳೆದಿರುತ್ತದೆ. ಅಂಥ ಮೀನಿನ ನಡುಭಾಗದ ತುಂಡು ಅಂಗೈ ತುಂಬುತ್ತದೆ. ತಟ್ಟೆಗೆ ಬಂದ ನಡುತುಂಡು ಮೂರು ಬೆರಳಗಲವಿದ್ದರೆ ಅದು ಬಹುಶಃ ಒಮ್ಮೆಯೂ ಮೊಟ್ಟೆಯಿಡದ ಮರಿ. ಮಾರುಕಟ್ಟೆಯಲ್ಲಿ ನಾವು ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತೇವೆ, ಹೊಟ್ಟೆ ಒತ್ತುತ್ತೇವೆ, ಚೌಕಾಸಿ ಮಾಡುತ್ತೇವೆ. ಉದ್ದ ನೋಡುವವರು ಎಷ್ಟು ಜನ? ಏಡಿಯದೂ ಇದೇ ಕಥೆ: ಹೊಟ್ಟೆಯಡಿ ಮೊಟ್ಟೆಯ ಗೊಂಚಲು ಹೊತ್ತದ್ದನ್ನೇ ಆರಿಸಿ ಒಯ್ಯುವವರಿದ್ದಾರೆ.

ಹಾಗಾದರೆ ಏನು ತಿನ್ನಬೇಕು? ಬೂತಾಯಿ (ಸಾರ್ಡೀನ್), ಬಂಗುಡೆ, ಕೊಲ್ಲತರು (ಆಂಚೊವಿ). ಬೇಗ ಬೆಳೆದು ಬೇಗ ಮರಿ ಮಾಡುವ ಮೀನುಗಳು. ಹಾಗೆಂದು ಇವು ಅಕ್ಷಯಪಾತ್ರೆಯೇನಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ 2021ರಲ್ಲಿ ನಾಲ್ಕು ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಆದ್ದರಿಂದ ರಾಶಿ ಬಿದ್ದಾಗ ತಿನ್ನಿ, ಅಪರೂಪವಾದಾಗ ಬಿಡಿ. ಮೀನು ಮಾರುವ ಅಕ್ಕನನ್ನು “ಅಂಜಲ್ ಇದೆಯಾ?” ಎಂದು ಕೇಳುವ ಬದಲು “ಇವತ್ತು ಯಾವುದು ಹೆಚ್ಚು ಬಂದಿದೆ?” ಎಂದು ಕೇಳಿದರೆ ಜೇಬಿಗೂ ಹಗುರ.

ನನ್ನ ಪಕ್ಷಪಾತ ಮಾತ್ರ ಚಿಪ್ಪಿನ ಕಡೆಗೆ. ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿಗಳಿಗೆ ಯಾರೂ ಮೇವು ಹಾಕಬೇಕಿಲ್ಲ. ನೀರನ್ನು ಸೋಸಿಯೇ ಬದುಕುತ್ತವೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು (ಮರುವಾಯಿಗೆ ಅಲ್ಲಿನ ಹೆಸರು) ಹೆಕ್ಕುವುದಕ್ಕೆ ಎಂಜಿನ್ನೂ ಬೇಡ, ಡೀಸೆಲ್ಲೂ ಬೇಡ. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಚಿಪ್ಪು ಮೀನುಗಾರಿಕೆಗೆ 2014ರಲ್ಲೇ, ಕಡಲನ್ನು ಬರಿದು ಮಾಡದ ಮೀನುಗಾರಿಕೆಗೆ ಕೊಡುವ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತ್ತು, ಭಾರತಕ್ಕೆ ಅದು ಮೊದಲನೆಯದು. ಒಂದೇ ಎಚ್ಚರ: ಸೋಸಿ ತಿನ್ನುವ ಜೀವಿ ಕೊಳೆಯನ್ನೂ ಒಳಗಿಟ್ಟುಕೊಳ್ಳುತ್ತದೆ. ಊರಿನ ಚರಂಡಿ ಸೇರುವ ಕಡೆಯ ಚಿಪ್ಪು ಬೇಡ. ಉಗುರಿನಷ್ಟು ಸಣ್ಣದ್ದೂ ಬೇಡ.

ಬೂತಾಯಿಗೆ ಮುಳ್ಳು ಜಾಸ್ತಿ, ಹುರಿದರೆ ಮನೆಯೆಲ್ಲ ವಾಸನೆ ಎಂದು ಮೂಗು ಮುರಿಯುವವರಿಗೆ ನನ್ನ ಬಳಿ ಉತ್ತರವಿಲ್ಲ. ಮುಳ್ಳು ಇದೆ, ನಿಜ. ಚಮಚ ಕೆಳಗಿಟ್ಟು ಕೈಯಿಂದ ತಿನ್ನಬೇಕಾಗುತ್ತದೆ.