ಟನ್ನಿನ ಊರಿನಲ್ಲಿ ಒಂದು ಹರಳು

ಮಂಡ್ಯದಲ್ಲಿ ಸಕ್ಕರೆ ಎಂದರೆ ಟನ್ನಿನ ಮಾತು. ಎಕರೆಗೆ ಎಷ್ಟು ಟನ್ ಬಂತು, ಟನ್ನಿಗೆ ಏನು ರೇಟು, ಕಟಾವಿಗೆ ಆಳು ಸಿಕ್ಕರೇ? ಚಹಾ ಅಂಗಡಿಯ ಬೆಂಚಿನ ಮೇಲೆ ಇದೇ ವೇದ, ಇದೇ ಪುರಾಣ. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಬಂದಂದಿನಿಂದ ಸಕ್ಕರೆಯ ಹೆಸರಲ್ಲೇ ಬದುಕುತ್ತಿರುವ ನಾವು ಒಂದೇ ಒಂದು ಹರಳನ್ನು ಕಣ್ಣಿಟ್ಟು ನೋಡಿದ್ದು ಕಡಿಮೆ.

ನೋಡುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ಡಬ್ಬಿಯ ಸಕ್ಕರೆಯನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಬಗ್ಗಿದರೆ, ಒಂದೊಂದು ಕಾಳಿಗೂ ಮುಖಗಳಿವೆ, ಓರೆಯಾದ ಅಂಚುಗಳಿವೆ. ಒಂದರ ಮೂಲೆ ಮುಕ್ಕಾಗಿದೆ. ಇನ್ನೊಂದರ ಬೆನ್ನಿಗೆ ಪುಟ್ಟ ಹರಳೊಂದು ಅಂಟಿಕೊಂಡೇ ಬೆಳೆದಿದೆ. ಇದನ್ನು ಯಾರೂ ಕೆತ್ತಿಲ್ಲ. ಮಂದವಾದ ಪಾಕದಲ್ಲಿ ಸಕ್ಕರೆಯ ಅಣುಗಳು ತಾವೇ ಸಾಲುಗಟ್ಟಿ ನಿಂತು ಪಡೆದ ಆಕಾರ. ಆಲೆಮನೆಯ ಬೆಲ್ಲಕ್ಕೆ ಈ ಠೀವಿಯಿಲ್ಲ. ಅಲ್ಲಿ ಕಾಕಂಬಿ ಎಂಬ ಕಪ್ಪು ಪಾಕ ಬೇರೆಯಾಗದೆ ಒಳಗೇ ಉಳಿಯುತ್ತದೆ, ಹರಳಿಗೆ ಬೆಳೆಯಲು ಪುರಸೊತ್ತೂ ಇರುವುದಿಲ್ಲ. ರುಚಿಯ ವಿಚಾರ ಬೇರೆ. ಅಲ್ಲಿ ನನ್ನ ಮತ ಬೆಲ್ಲಕ್ಕೇ.

ಬಣ್ಣ ಬೇಕೆಂದರೆ ಸ್ವಲ್ಪ ಉಪಾಯ ಮಾಡಬೇಕು. ಸಕ್ಕರೆ ನೀರನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿ ಹರಳುಗಟ್ಟುವವರೆಗೆ ಬಿಟ್ಟು, ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಹಿಡಿದು, ಲೆನ್ಸಿಗೆ ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಅದುರುವ ಬೆಳಕನ್ನಷ್ಟೇ ಬಿಡುವ) ತಂಪು ಕನ್ನಡಕವನ್ನು ಅಡ್ಡ ಕೊಟ್ಟು ತಿರುಗಿಸಬೇಕು. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಸಕ್ಕರೆ ಮಾತ್ರ ನೇರಳೆ, ಕಿತ್ತಳೆ, ನವಿಲುನೀಲಿಯಾಗಿ ಹೊಳೆಯುತ್ತದೆ. ಬಣ್ಣ ಸಕ್ಕರೆಯದಲ್ಲ. ಹರಳನ್ನು ಹೊಕ್ಕ ಬೆಳಕು ಎರಡಾಗಿ ಒಂದು ಮುಂದೆ, ಒಂದು ಹಿಂದೆ ಸಾಗುತ್ತದೆ. ಹೊರಬಂದು ಕನ್ನಡಕದಲ್ಲಿ ಕೂಡುವಾಗ ಕೆಲವು ಬಣ್ಣ ಅಳಿದು ಕೆಲವು ಉಳಿಯುತ್ತವೆ. ದಪ್ಪ ಬದಲಾದಂತೆ ಬಣ್ಣವೂ ಬದಲು. ದಸರೆಯ ದೀಪ ನೋಡಲು ಮೈಸೂರಿಗೆ ಹೋಗಿ ನೂಕುನುಗ್ಗಲಿನಲ್ಲಿ ಚಪ್ಪಲಿ ಕಳೆದುಕೊಳ್ಳುವ ನನ್ನಂಥವರಿಗೆ ಇದು ಲಾಭದ ಬಾಬತ್ತು.

ಅಮೆರಿಕದ ವರ್ಮಾಂಟಿನಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರಲ್ಲಿ ಹಿಮದ ಹರಳೊಂದರ ಫೋಟೋ ತೆಗೆದ. ಸಾಯುವುದರೊಳಗೆ 5,000ಕ್ಕೂ ಹೆಚ್ಚು ತೆಗೆದ. ಅವನ ಹರಳು ಉಸಿರು ತಾಗಿದರೆ ಕರಗುತ್ತಿತ್ತು. ನಮ್ಮದಕ್ಕೆ ಆ ಭಯವಿಲ್ಲ, ಇರುವೆಯದೊಂದೇ ಕಾಟ.

ಈಗಿನ ಸೂಕ್ಷ್ಮ ಛಾಯಾಚಿತ್ರಗಳಲ್ಲಿ ಇನ್ನೊಂದು ಕರಾಮತ್ತು ಉಂಟು. ಅಷ್ಟು ಹಿಗ್ಗಿಸಿದಾಗ ಕೂದಲೆಳೆಯಷ್ಟು ಪದರ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಬ್ಬು. ಆದ್ದರಿಂದ ಲೆನ್ಸನ್ನು ಇಷ್ಟಿಷ್ಟೇ ಸರಿಸುತ್ತ ಹತ್ತಾರು, ಕೆಲವೊಮ್ಮೆ ನೂರಾರು ಫೋಟೋ ತೆಗೆದು, ಸ್ಪಷ್ಟವಿದ್ದಷ್ಟನ್ನು ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ. ಅಂದರೆ ಇಂಥ ಫೋಟೋಗಳಲ್ಲಿ ನಾವು ಬಾಯಿ ಬಿಟ್ಟು ನೋಡುವ ನೊಣದ ಕಣ್ಣನ್ನು ಹಾಗೆ ಒಟ್ಟಿಗೆ ಕಂಡವರು ಯಾರೂ ಇಲ್ಲ. ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಇಲ್ಲದ್ದನ್ನು ಸೇರಿಸಿಲ್ಲವಲ್ಲ.

ಸಕ್ಕರೆಯಿಂದ ಕಬ್ಬಿಗೆ ಹೋದೆ. ಗದ್ದೆ ಹೊಕ್ಕು ಬಂದವರ ತೋಳು ಗೀರಿಹೋಗುವುದು ಏಕೆಂದು ಗರಿಯ ಅಂಚೇ ಹೇಳುತ್ತದೆ: ತುದಿಯ ಕಡೆಗೆ ಬಾಗಿದ ಸಾಲು ಹಲ್ಲುಗಳು, ಗಿಡ ಮಣ್ಣಿನಿಂದ ಹೀರಿಕೊಂಡ ಸಿಲಿಕಾ ತುಂಬಿ ಬಿರುಸಾದಂಥವು. ಗರಿಯ ಅಡಿಯಲ್ಲಿ ಬಿಳಿ ಉಣ್ಣೆ ಹೇನು ಸಿಕ್ಕಿತು. ಬರಿಗಣ್ಣಿಗೆ ಬೂಷ್ಟು, ಲೆನ್ಸಿನಲ್ಲಿ ಮೈತುಂಬ ಮೇಣದ ಎಳೆಗಳು, ಒಂದರ ಮೇಲೊಂದು ಸುರುಳಿ ಸುತ್ತಿ ಇಳಿಬಿದ್ದಿವೆ. ರಸ ಹೀರಿ ಬೆಳೆ ಕೆಡಿಸುವ ಹುಳುವಿಗೆ ಇಷ್ಟೊಂದು ಸಿಂಗಾರ!

ಗದ್ದೆಯ ಗೌಡರಿಗೆ ಉತ್ಸಾಹದಿಂದ ತೋರಿಸಿದೆ. ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಚೆನ್ನಾಗಿಯೇ ಇದೆ ಮೇಷ್ಟ್ರೇ. ಒಂದಷ್ಟು ಕೊಡುತ್ತೇನೆ, ನಿಮ್ಮ ಹೂಕುಂಡದಲ್ಲಿ ಸಾಕಿಕೊಳ್ಳಿ” ಎಂದರು. ಆಮೇಲೆ ಫೋಟೋವನ್ನು ವಾಟ್ಸಾಪಿಗೆ ಹಾಕಲು ಹೇಳಿದರು. ಔಷಧಿ ಅಂಗಡಿಯವನಿಗೆ ತೋರಿಸಬೇಕಂತೆ.